ಏಡಿ ಹಳ್ಳದ ಉಲಾಮಿಲಾ

ಉಲಾಮಿಲಾಳ ಬಲಗೈ ಎಡಗೈಗಿಂತ ಒಂದು ಬಣ್ಣ ಕಪ್ಪು. ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಮರಗಳ ಬೇರಿನ ನಡುವೆ ಬೋರಲಾಗಿ ಮಲಗಿ, ಬಿಲದೊಳಗೆ ಭುಜದ ತನಕ ಇಳಿಸಿ, ಐವತ್ತು ವರ್ಷ ಏಡಿ ಹಿಡಿದ ಕೈ ಅದು. ತೋರುಬೆರಳು ಓರೆಯಾಗಿದೆ, ಹೆಬ್ಬೆರಳಿಗೆ ಉಗುರಿಲ್ಲ. ಬಿಲದ ಬಾಯಿ ನೋಡಿದರೆ ಸಾಕು, ಒಳಗಿರುವುದು ಗಂಡೋ ಹೆಣ್ಣೋ, ಮನೆಯಲ್ಲಿದೆಯೋ ತಿರುಗಾಟಕ್ಕೆ ಹೋಗಿದೆಯೋ ಎಂದು ಹೇಳಬಲ್ಲಳು. ತನ್ನ ಗಂಡ ಎಲ್ಲಿದ್ದಾನೆಂದು ಮಾತ್ರ ಹೇಳಲಾರಳು.

ಗಂಡ ಸಾಕಿಯೂಸಾ ಮೂವತ್ತೆಂಟು ವರ್ಷದ ಹಿಂದೆ ರಗ್ಬಿ ಆಡಲು ವೈದೋಗೋ ಊರಿಗೆ ಬಂದವನು. ಆಟದ ನಡುವೆ ಮೊಣಕಾಲು ಉಳುಕಿತು. ಉಲಾಮಿಲಾಳ ಅಪ್ಪನ ಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿ ಸೊಪ್ಪು ಕಟ್ಟಿದರು. ತಂಡದ ಲಾರಿ ಅವನನ್ನು ಬಿಟ್ಟು ಹೊರಟುಹೋಯಿತು. "ಕಾಲು ಒಂದೇ ವಾರಕ್ಕೆ ವಾಸಿಯಾಯ್ತು, ಲಾರಿ ಇನ್ನೂ ಬಂದಿಲ್ಲ" ಎನ್ನುತ್ತಾಳೆ ಉಲಾಮಿಲಾ. ನಮ್ಮ ಕಡೆ ಹೆಣ್ಣು ಗಂಡನ ಊರಿಗೆ ಹೋಗುವುದು ರೂಢಿ. ಸಾಕಿಯೂಸಾ ಹೆಂಡತಿಯ ಊರಲ್ಲೇ ಉಳಿದು, ಅದಕ್ಕೆ ಬಂದ ಕುಹಕದ ಮಾತನ್ನೆಲ್ಲ ಸಂಜೆ ಬೇರು ಅರೆದು ಮಾಡುವ ಯಂಗೋನದ ಬಟ್ಟಲಿನ ಜೊತೆ ಕುಡಿದು ಅರಗಿಸಿಕೊಂಡ. ಒಳ್ಳೆಯ ಮನುಷ್ಯ. ಬೆಳಿಗ್ಗೆ ಎದ್ದು ಚಹಾ ಮಾಡುತ್ತಾನೆ, ಮರಗೆಣಸು ಬೇಯಿಸುತ್ತಾನೆ. ಅಲ್ಲಿಗೆ ಆ ದಿನದ ಮಟ್ಟಿಗೆ ಅವನ ಕೆಲಸ ಮುಗಿಯುತ್ತದೆ.

ಮೂರು ವರ್ಷದ ಹಿಂದೆ ಊರ ಸಭೆ ನಕೂಕಾ ಹಳ್ಳವನ್ನು ಮುಚ್ಚಲು ತೀರ್ಮಾನಿಸಿತು. ಹಳ್ಳ ಸಮುದ್ರ ಸೇರುವ ಬಾಯಿಂದ ಒಳಗೆ ಮೂರನೇ ತಿರುವಿನ ತನಕ ಯಾರೂ ಬಲೆ ಬಿಡಬಾರದು, ಏಡಿ ಹಿಡಿಯಬಾರದು, ಕಾಂಡ್ಲಾ ಕಡಿಯಬಾರದು. ಅದಕ್ಕೆ ಕಾರಣ ಇತ್ತು. ಅಂಗೈಯಷ್ಟಗಲ ಬೆಳೆಯುವ ಮೊದಲೇ ಏಡಿಗಳು ಪಟ್ಟಣದ ಸಂತೆ ಸೇರುತ್ತಿದ್ದವು. ಉಲಾಮಿಲಾಳಂಥವಳೇ ದಿನವಿಡೀ ಕೆಸರು ತಡಕಿ ಖಾಲಿ ಬುಟ್ಟಿ ತಂದದ್ದಿತ್ತು. ಹಳ್ಳ ಕಾಯಲು ಒಬ್ಬರು ಬೇಕು, ಅವರು ಪಟ್ಟಣಕ್ಕೆ ಹೋಗಿ ಮೂರು ದಿನ ತರಬೇತಿ ಪಡೆಯಬೇಕು ಎಂದಾಗ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಊರ ಮುಖ್ಯಸ್ಥ ರಾತು ವಿಲಿಸೋನಿ ಕುಳಿತಲ್ಲಿಂದಲೇ ಕೇಳಿದರು.

"ಆ ಹಳ್ಳದಲ್ಲಿ ಕಣ್ಣು ಮುಚ್ಕೊಂಡು ನಡೆಯೋರು ಯಾರಿದ್ದೀರಿ?"

ಯಾರೂ ಕೈ ಎತ್ತಲಿಲ್ಲ. ಹಿಂದೆ ಚಾಪೆ ಹೆಣೆಯುತ್ತಿದ್ದ ಹೆಂಗಸರು ಮಾತ್ರ ಉಲಾಮಿಲಾಳನ್ನು ಮೊಣಕೈಯಿಂದ ತಿವಿದರು.

"ಹಂಗಾದ್ರೆ ಅವಳೇ ಹೋಗ್ಲಿ" ಎಂದರು ರಾತು ವಿಲಿಸೋನಿ.

ಹೆಂಗಸು ಕಾವಲಿಗೆ ನಿಂತರೆ ಯಾರು ಹೆದರುತ್ತಾರೆ ಎಂದು ಗೊಣಗಿದವರಿದ್ದರು. ಅವರ ಹೆಸರು ಉಲಾಮಿಲಾಳಿಗೆ ಗೊತ್ತು, ಇಲ್ಲಿ ಹೇಳುವುದು ಬೇಡ.

ತರಬೇತಿಯಲ್ಲಿ ಅವಳಿಗೊಂದು ಟೋಪಿ, ಒಂದು ಗುರುತಿನ ಚೀಟಿ ಮತ್ತು ಪ್ರತಿ ತಿಂಗಳು ತುಂಬಿ ಕಳಿಸಬೇಕಾದ ಹಾಳೆಗಳ ಕಟ್ಟು ಸಿಕ್ಕಿದವು. ಕೊನೆಯ ದಿನ ಮೇಷ್ಟ್ರು ಕೇಳಿದರು: ಮುಚ್ಚಿದ ಜಾಗದಲ್ಲಿ ಕಳ್ಳತನವಾದರೆ ಏನು ಮಾಡುತ್ತೀರಿ? ಒಬ್ಬ ದೋಣಿ ಹಿಡಿಯುತ್ತೇನೆ ಎಂದ, ಇನ್ನೊಬ್ಬ ಪೊಲೀಸರನ್ನು ಕರೆಯುತ್ತೇನೆ ಎಂದ. ಉಲಾಮಿಲಾ ಎದ್ದು ನಿಂತಳು.

"ಮೇಷ್ಟ್ರೇ, ಕದಿಯೋಕೆ ಬಂದೋರು ನಮ್ಮ ತೌಗಳೇ ಆಗಿದ್ರೆ?"

ಇಡೀ ಕೋಣೆ ನಕ್ಕಿತು. ಮೇಷ್ಟ್ರೂ ನಮ್ಮವರೇ. ಅವರು ಒಂದು ಲೋಟ ನೀರು ಕುಡಿದು, ಗಡಿಯಾರ ನೋಡಿ, "ಈಗ ಚಹಾ ಸಮಯ" ಎಂದರು.

ನಗು ಬರುವುದು ಸಹಜ. ವೈದೋಗೋದವರಿಗೆ ಎದುರಿನ ಯಾನುಲೈ ದ್ವೀಪದವರು ತೌ. ಎರಡೂ ಊರಿನ ಮೂಲಪುರುಷರು ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರಂತೆ. ಹಾಗಾಗಿ ತೌ ಮನೆಗೆ ಬಂದು ಏನನ್ನು ಎತ್ತಿಕೊಂಡು ಹೋದರೂ ಯಾಕೆ ಎಂದು ಕೇಳುವಂತಿಲ್ಲ, ಬೇಡ ಎನ್ನುವಂತಿಲ್ಲ, ಸಿಟ್ಟಂತೂ ಮಾಡುವಂತೆಯೇ ಇಲ್ಲ. ಮುಖಕ್ಕೆ ಬೈದರೆ ನಗಬೇಕು, ತಿರುಗಿ ಬೈಯಬೇಕು. ಬೈಗುಳಕ್ಕೆ ಉತ್ತರ ಕೊಡದೆ ಎದ್ದು ಹೋದವನು, ಮಾತು ಸಿಗದೆ ಸುಮ್ಮನಾದವನು ಸೋತ ಹಾಗೆ. ಅವನ ಸೋಲಿನ ಕಥೆ ಎರಡು ಊರಿನಲ್ಲೂ ವರ್ಷಗಟ್ಟಲೆ ಓಡಾಡುತ್ತದೆ. ಇದನ್ನು ಯಾವ ಹಾಳೆಯಲ್ಲಿ ತುಂಬುವುದು?

ಏನೇ ಇರಲಿ, ಹಳ್ಳ ಸುಧಾರಿಸಿತು. ಮೊದಲ ವರ್ಷ ಕೆಸರಲ್ಲಿ ಕುಪ್ಪಳಿಸುವ ಮೀನುಗಳು ಹೆಚ್ಚಾದವು. ಎರಡನೇ ವರ್ಷ ಸುತ್ತಿಗೆ ತಲೆಯ ಶಾರ್ಕುಗಳು ಮರಿ ಹಾಕಲು ಹಳ್ಳದ ಬಾಯಿಗೆ ಬಂದವು. ಮೊಳದುದ್ದದ ಮರಿಗಳು ಮೊಣಕಾಲಿನ ನೀರಲ್ಲಿ ಓಡಾಡುವುದನ್ನು ನೋಡಿ ಉಲಾಮಿಲಾ ಅವಕ್ಕೂ ಒಂದಿಷ್ಟು ಬೈದು ಮುದ್ದಿಸಿದಳು. ಮೂರನೇ ತಿರುವಿನ ಎತ್ತರದ ಮರಗಳಲ್ಲಿ ಬಾವಲಿಗಳು ಮತ್ತೆ ಜೋತುಬಿದ್ದವು. ಏಡಿಗಳು ಊಟದ ತಟ್ಟೆಯಷ್ಟಗಲವಾದವು. ಅವಳು ದಿನಕ್ಕೊಮ್ಮೆ ಟೋಪಿ ಹಾಕಿಕೊಂಡು ಹೋಗಿ, ಹಿಡಿಯದೆ, ಬರೀ ನೋಡಿ ಬರುತ್ತಿದ್ದಳು. ಹಿಡಿಯದೆ ನೋಡುವುದರಲ್ಲೂ ಸುಖವಿದೆ ಎಂದು ಅರವತ್ತರ ಹತ್ತಿರ ಬಂದ ಮೇಲೆ ತಿಳಿಯಿತು ಅವಳಿಗೆ.

ಹಳ್ಳ ಯಾವಾಗ ತೆರೆಯುವುದು ಎಂದು ಸಭೆಯಲ್ಲಿ ಪ್ರತಿ ಸಲ ಮಾತು ಬರುತ್ತಿತ್ತು. ರಾತು ವಿಲಿಸೋನಿಯವರದು ಒಂದೇ ಉತ್ತರ. "ನಾನು ಸತ್ತ ಮೇಲೆ ನೂರನೇ ದಿನದ ಊಟಕ್ಕೆ ತೆಗೀರಿ. ಅಲ್ಲೀತನಕ ಏಡಿಗಳೂ ದಪ್ಪ ಆಗ್ಲಿ, ನೀವೂ ಸ್ವಲ್ಪ ತೆಳ್ಳಗಾಗಿ." ಎಲ್ಲರೂ ನಗುತ್ತಿದ್ದರು. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ನಿಜಕ್ಕೂ ಹಾಸಿಗೆ ಹಿಡಿದರು. ಉಲಾಮಿಲಾ ನೋಡಲು ಹೋದಾಗ ಅವಳ ಓರೆ ಬೆರಳನ್ನು ಹಿಡಿದು ಕೇಳಿದರು.

"ಏಡಿ ಹೆಂಗಿದಾವೆ?"

"ನಿಮಗಿಂತ ಚೆನ್ನಾಗಿದಾವೆ, ರಾತು."

"ಊರೆಲ್ಲ ಹೊಟ್ಟೆ ತುಂಬ ತಿನ್ಬೇಕು, ಕಣೇ. ಒಂದು ಕಳೆದ್ರೂ ಎದ್ದು ಬರ್ತೀನಿ ನೋಡು."

"ಒಂದೂ ಕಳೆಯಲ್ಲ. ನಾನು ಇದ್ದೀನಲ್ಲ" ಎಂದು ಮಾತು ಕೊಟ್ಟಳು. ಮನೆಗೆ ಬರುವ ದಾರಿಯಲ್ಲಿ ಅತ್ತಳು. ಅವರು ಎರಡು ದಿನಕ್ಕೆ ಹೋದರು.

ಹಿರಿಯರು ಹೋದಾಗ ನೂರು ದಿನ ಕರಾವಳಿಯೇ ಮುಚ್ಚುತ್ತದೆ. ಹಳ್ಳದ ಬಾಯಲ್ಲಿ ಕಂಬ ನೆಟ್ಟು ತೆಂಗಿನ ಗರಿ ಕಟ್ಟಿದರು. ಉಲಾಮಿಲಾ ಪ್ರತಿದಿನ ಆ ಕಂಬ ಮುಟ್ಟಿ ಬಂದಳು. ತೊಂಬತ್ತೈದು ದಿನ ಏನೂ ಆಗಲಿಲ್ಲ.

ತೊಂಬತ್ತಾರನೇ ದಿನ ಯಾನುಲೈಯಿಂದ ತೌಗಳ ದೋಣಿ ಬಂತು. ಎಂಟು ಗಂಡಸರು, ಮುಂದೆ ಇಲೈತಿಯಾ. ಎತ್ತರದ ಆಳು, ಬಿಳಿ ಗಡ್ಡ, ಹಲ್ಲು ಮೇಲೆ ನಾಲ್ಕು ಕೆಳಗೆ ಮೂರು. ರಾತು ವಿಲಿಸೋನಿಯವರಿಗೂ ಅವನಿಗೂ ಚಿಕ್ಕಂದಿನಿಂದ ತೌ ಜಗಳ. ಚಾಪೆಗಳನ್ನೂ ಯಂಗೋನದ ಬೇರನ್ನೂ ಒಪ್ಪಿಸಿ, ಹೋದವರ ಹೆಸರಿನಲ್ಲಿ ತಲೆ ತಗ್ಗಿಸಿ ಕೂತು, ಕಣ್ಣು ಒರೆಸಿಕೊಂಡರು. ಆಮೇಲೆ ಎದ್ದು ಲೂಟಿ ಶುರು ಮಾಡಿದರು. ಸಂಜೆಯೊಳಗೆ ಉಲಾಮಿಲಾಳ ಎರಡು ಕೋಳಿ, ಚಹಾದ ಕೆಟಲ್, ಸಾಕಿಯೂಸಾನ ಭಾನುವಾರದ ಅಂಗಿ ಎಲ್ಲವೂ ತೌಗಳ ಪಾಲಾದವು.

"ಅಂಗಿ ಹೋಯ್ತಲ್ಲೇ" ಎಂದ ಸಾಕಿಯೂಸಾ.

"ಜೊತೆಗೆ ನಿನ್ನನ್ನೂ ಕರ್ಕೊಂಡು ಹೋಗಿ ಅಂತ ಹೇಳಿದೆ. ಒಪ್ಪಲಿಲ್ಲ" ಎಂದಳು ಉಲಾಮಿಲಾ. ತೌಗಳು ಬಂದರೆ ಅವಳಿಗೆ ಹಬ್ಬ. ಕೋಳಿ ಹೋದದ್ದಕ್ಕೆ ಅವಳಿಗೆ ಬೇಸರವೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಚಹಾ ಮುಗಿಸಿ ಹಳ್ಳಕ್ಕೆ ಹೋದಾಗ ಕಂಬ ಇತ್ತು, ಗರಿ ಇತ್ತು. ಮೊದಲ ತಿರುವು ದಾಟಿದವಳಿಗೆ ಗಂಡಸರ ನಗು ಕೇಳಿಸಿತು. ಎರಡನೇ ತಿರುವಿನಲ್ಲಿ ಯಾನುಲೈ ದೋಣಿ ನಿಂತಿತ್ತು. ದೋಣಿಯೊಳಗೆ ಏಳು ಗೋಣಿಚೀಲ, ಏಳೂ ಅಲುಗಾಡುತ್ತಿದ್ದವು. ಬೆಳಗಿನ ಉಬ್ಬರದಲ್ಲಿ ನುಗ್ಗಿ, ಬಲೆ ಬಿಟ್ಟು, ಹಿಡಿದ ಏಡಿಗಳನ್ನೆಲ್ಲ ನಾರಿನಲ್ಲಿ ಕಟ್ಟಿ ತುಂಬಿದ್ದರು.

ಉಲಾಮಿಲಾ ಚೀಲಗಳನ್ನು ಎಣಿಸಿದಳು. ಇನ್ನು ಮೂರು ದಿನಕ್ಕೆ ಊರೂಟ. ಈ ಏಳು ಚೀಲ ಹೋದರೆ ಎಲೆಯ ಮೇಲೆ ಬಡಿಸಲು ಬರೀ ಕೆಸುವಿನ ಗಡ್ಡೆ. ಹೆಂಗಸನ್ನು ಕಾವಲಿಗಿಟ್ಟರೆ ಹೀಗೇ ಎಂದು ಆಡಿಕೊಳ್ಳುವವರು ಆಡಿಕೊಳ್ಳುತ್ತಾರೆ, ಅದನ್ನು ಸಹಿಸಬಹುದು. ಸಾಯುವವರ ಬೆರಳು ಹಿಡಿದು ಕೊಟ್ಟ ಮಾತು? ಕೂಗಿ ಬೈದು ಓಡಿಸೋಣವೆಂದರೆ ಎದುರಿಗಿರುವವರು ತೌಗಳು. ಬೇಡ ಎನ್ನುವಂತಿಲ್ಲ, ಸಿಟ್ಟು ತೋರಿಸುವಂತಿಲ್ಲ. ಮೇಷ್ಟ್ರು ಚಹಾ ಕುಡಿಯಲು ಎದ್ದು ಹೋದದ್ದು ಇದೇ ಪ್ರಶ್ನೆಗೆ.

ಅವಳು ಪಕ್ಕದ ಕಾಂಡ್ಲಾ ಬೇರನ್ನು ನೋಡಿದಳು. ನೀರಿನ ಗೆರೆಗಿಂತ ನಾಲ್ಕು ಬೆರಳು ಮೇಲಕ್ಕೆ ತೊಗಟೆ ಒದ್ದೆಯಾಗಿತ್ತು. ಇಳಿತ ಶುರುವಾಗಿದೆ. ಟೋಪಿ ತೆಗೆದು ಬೀಸಿಕೊಳ್ಳುತ್ತಾ ಆ ಬೇರಿನ ಮೇಲೆ ಆರಾಮಾಗಿ ಕೂತಳು.

ಇಲೈತಿಯಾ ಅವಳನ್ನು ಕಂಡ. "ಯಾರದು? ಏಡಿ ಅಂದ್ಕೊಂಡೆ. ಹಿಡ್ಕೊಂಡು ಕಟ್ರೋ ಇದನ್ನೂ."

"ಕಟ್ಟೋದು ನಿನ್ನ ಕೈಲಿ ಆಗೋದಾ, ತೌ? ನಿನ್ನ ಮದುವೆ ದಿನ ಪಾದ್ರಿ ಮುಂದೆ ನಿನ್ನ ಸುಲು ನಿಂತಿತ್ತಾ?"

ದೋಣಿಯಲ್ಲಿದ್ದವರು ಹೋ ಎಂದು ನಕ್ಕರು. ಸೊಂಟದ ಬಟ್ಟೆ ಜಾರಿದ ಆ ಸಂಗತಿ ಯಾನುಲೈಯಲ್ಲಿ ಇನ್ನೂ ಹಸಿಯಾಗಿದೆ. ಮೋಟಾರಿನ ದಾರಕ್ಕೆ ಕೈ ಹಾಕಿದ್ದವನು ಕೈ ತೆಗೆದ.

"ಹೌದು ಮತ್ತೆ, ನಾವು ಬಟ್ಟೆ ಉಡ್ತೀವಿ, ಅದಕ್ಕೇ ಜಾರತ್ತೆ. ನಿಮಗೆ ಕೆಸರೇ ಬಟ್ಟೆ. ನಿಮ್ಮೂರಲ್ಲಿ ಸ್ನಾನ ಮಾಡಿದೋರು ಯಾರು, ಮಾಡದೋರು ಯಾರು ಅಂತ ಗೊತ್ತೇ ಆಗಲ್ಲ."

"ಸ್ನಾನದ ಮಾತು ನೀನು ಆಡ್ಬೇಡ. ಮಳೆ ಬಂದ ದಿನ ನಿಮ್ಮ ದ್ವೀಪದಲ್ಲಿ ಮಕ್ಕಳು ಅಪ್ಪನ ಗುರುತು ಸಿಗದೆ ಅಳ್ತಾವಂತೆ."

ಹೀಗೇ ನಡೆಯಿತು. ಹಲ್ಲಿನ ಲೆಕ್ಕವಾಯಿತು, ಚರ್ಚಿನಲ್ಲಿ ಹಾಡುವ ಗಂಟಲಿನ ವಿಚಾರವಾಯಿತು, ಹೋದ ವರ್ಷದ ರಗ್ಬಿಯಲ್ಲಿ ಯಾರು ಯಾವ ಕಡೆಗೆ ಓಡಿದರೆಂಬುದಾಯಿತು. ಇಲೈತಿಯಾ ಒಂದು ಹೇಳಿದರೆ ಉಲಾಮಿಲಾ ಒಂದೂಕಾಲು ಹೇಳುತ್ತಿದ್ದಳು. ಆ ಕಾಲು ಭಾಗವನ್ನು ಬಿಟ್ಟು ಹೋಗಲು ಯಾನುಲೈಯವರಿಗೆ ಸಾಧ್ಯವಿರಲಿಲ್ಲ. ಉತ್ತರ ಕೊಡದೆ ದೋಣಿ ತಿರುಗಿಸಿದರೆ ಮುಂದಿನ ಹತ್ತು ವರ್ಷ ತಲೆ ಎತ್ತುವಂತಿಲ್ಲ. ಅವಳು ಮಾತ್ರ ಅಪ್ಪಿತಪ್ಪಿಯೂ ನೀರಿನ ಕಡೆ ನೋಡಲಿಲ್ಲ. ನೋಡಿದರೆ ಅವರೂ ನೋಡುತ್ತಾರೆ. ಬೇರುಗಳಿಗೆ ಅಂಟಿದ ಸಿಂಪಿಗಳು ಒಂದೊಂದೇ ನೀರಿನಿಂದ ಹೊರಬಂದವು. ದಂಡೆಯಲ್ಲಿ ಒಂಟಿ ಕೆಂಪು ಕೊಂಡಿಯ ಸಣ್ಣ ಏಡಿಗಳು ಬಿಲದ ಬಾಗಿಲಿಗೆ ಬಂದು ಕೈ ಬೀಸಿದವು. ಬೂದು ಕೊಕ್ಕರೆಯೊಂದು ದೋಣಿಯ ಪಕ್ಕದಲ್ಲೇ ಇಳಿದು ನಡೆದಾಡಿತು. ಅದರ ಮೊಣಕಾಲು ಕೂಡ ನೆನೆಯಲಿಲ್ಲ. ಹವಳದ ದಿಬ್ಬದ ನಡುವೆ ಹುಟ್ಟಿ ಬೆಳೆದ ಯಾನುಲೈಯವರಿಗೆ ಹಳ್ಳದ ನೀರಿನ ನಡತೆ ಏನು ಗೊತ್ತು?

ದೋಣಿ ಒಂದು ಕಡೆಗೆ ವಾಲಿದಾಗಲೇ ಅವರು ಕೆಳಗೆ ನೋಡಿದ್ದು. ನೀರು ಹೋಗಿತ್ತು. ಒಬ್ಬ ದೋಣಿ ತಳ್ಳಲು ಹಾರಿದವನು ತೊಡೆಯ ತನಕ ಹೂತು, ಇನ್ನಿಬ್ಬರು ಎಳೆದ ಮೇಲೆ ಒಂದು ಚಪ್ಪಲಿ ಕಳೆದುಕೊಂಡು ಮೇಲೆ ಬಂದ.

"ಮತ್ತೆ ನೀರು ಯಾವಾಗ ಬರತ್ತೆ?" ಎಂದು ಇಲೈತಿಯಾ ಕೇಳಿದ.

"ಮಧ್ಯಾಹ್ನದ ಮೇಲೆ. ಅಷ್ಟರಲ್ಲಿ ಸೊಳ್ಳೆಗಳ ಪರಿಚಯ ಆಗತ್ತೆ, ಒಳ್ಳೇ ಜನ ಅವು."

ಉಲಾಮಿಲಾ ಎದ್ದಳು. ಬೇರಿನಿಂದ ಬೇರಿಗೆ, ಗಟ್ಟಿ ಕೆಸರಿನಿಂದ ಗಟ್ಟಿ ಕೆಸರಿಗೆ ಕಾಲಿಡುತ್ತಾ, ಮನೆಯಂಗಳ ದಾಟುವವಳ ಹಾಗೆ ದೋಣಿಯ ಹತ್ತಿರ ಬಂದಳು. ಮೊದಲ ಚೀಲ ತಟ್ಟಿ ನೋಡಿದಳು.

"ಚೆನ್ನಾಗಿದೆ ಈ ಚೀಲ. ನನಗೆ ಬೇಕು, ತೌ."

ಎಂಟು ಗಂಡಸರು ಒಬ್ಬರನ್ನೊಬ್ಬರು ನೋಡಿದರು. ತೌ ಕೇಳಿದ ಮೇಲೆ ಬೇಡ ಎನ್ನುವಂತಿಲ್ಲ, ಸಿಟ್ಟು ಮಾಡುವಂತಿಲ್ಲ. ಅವರು ಹಳ್ಳಕ್ಕೆ ಬಂದದ್ದು ಯಾವ ಹಕ್ಕಿನಿಂದಲೋ, ಅವಳು ಚೀಲಕ್ಕೆ ಕೈ ಹಾಕಿದ್ದೂ ಅದೇ ಹಕ್ಕಿನಿಂದ. ಒಬ್ಬ ಮೊದಲು ನಕ್ಕ, ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಲೈತಿಯಾ ಒಬ್ಬ ನಗಲಿಲ್ಲ. ಏಳನೇ ಚೀಲದ ಬಾಯಿ ಹಿಡಿದುಕೊಂಡು ಕೂತ.

"ಇದೊಂದು ಬಿಡು, ಉಲಾಮಿಲಾ."

ತೌ ಹೆಸರು ಹಿಡಿದು ಕರೆದದ್ದು ಕೇಳಿ ಅವಳು ತಿರುಗಿ ನೋಡಿದಳು.

"ನನ್ನ ಮದುವೆಗೆ ಅಂತ ಕಟ್ಟಿದ್ದ ಹಂದೀನ ನಿಮ್ಮ ವಿಲಿಸೋನಿ ಕದ್ದಿದ್ದು ಗೊತ್ತಲ್ಲ ನಿನಗೆ" ಎಂದ ಇಲೈತಿಯಾ. "ಮೂವತ್ತಮೂರು ವರ್ಷ ಆಯ್ತು. ಪ್ರತಿ ಸಲ ಸಿಕ್ಕಾಗ, ನಿನ್ನ ಹಂದಿಗೆ ಉಪ್ಪು ಸಾಲದಾಗಿತ್ತು ಅಂತಿದ್ದ. ಅದಕ್ಕೆ ಸರಿಸಾಟಿಯಾಗಿ ಒಂದು ಕಳ್ಳತನ ಮಾಡ್ಬೇಕು ಅಂತ ಹುಡುಕ್ತಾನೇ ಇದ್ದೆ. ಕೋಳಿಗೀಳಿ ಕದ್ರೆ ಅವನಿಗೇ ಅವಮಾನ. ದೊಡ್ಡದು ಹುಡುಕ್ತಾ ಇರೋವಾಗಲೇ ಹೋಗ್ಬಿಟ್ಟ. ಬರಿಗೈಲಿ ಅವನ ಊಟಕ್ಕೆ ಹೆಂಗೆ ಕೂರ್ಲಿ ನಾನು?"

ಜೀವನದಲ್ಲಿ ಮೊದಲ ಸಲ ಉಲಾಮಿಲಾ ತೌ ಎದುರು ಸುಮ್ಮನೆ ನಿಂತಳು. "ಸೋತ್ಲು" ಎಂದು ಹಿಂದಿನಿಂದ ಯಾರೋ ಅಂದರು. ಇಲೈತಿಯಾ ಅವನ ಬೆನ್ನಿಗೊಂದು ಗುದ್ದು ಕೊಟ್ಟ.

"ನಾನೂ ಅವರಿಗೆ ಮಾತು ಕೊಟ್ಟಿದ್ದೀನಿ" ಎಂದಳು ಅವಳು ಕೊನೆಗೆ. "ಒಂದೂ ಕಳೆಯಲ್ಲ ಅಂತ. ಊರೆಲ್ಲ ತಿನ್ಬೇಕು ಅಂದಿದ್ರು." ಸ್ವಲ್ಪ ಯೋಚಿಸಿ ಮತ್ತೆ ಹೇಳಿದಳು. "ಇಲ್ಲಿ ಕದ್ರೆ ಯಾರು ನೋಡ್ತಾರೆ, ತೌ? ಬೆಳ್ಳಂಬೆಳಿಗ್ಗೆ, ಮರದ ಮರೇಲಿ. ಇದು ಹಂದಿಗೆ ಸಮ ಆಗತ್ತಾ? ಊಟದ ದಿನ ಮೊದಲ ಬುಟ್ಟಿ ಅವರ ಮನೆ ಬಾಗಿಲಿಗೆ ಹೋಗತ್ತೆ. ಹಳ್ಳದ ಅತಿ ದೊಡ್ಡ ಏಡಿ ಮೇಲೇ ಇರತ್ತೆ. ಆ ಹೊತ್ತಿಗೆ ನಾನು ಬೇರೆ ಕಡೆ ನೋಡ್ತಾ ಇರ್ತೀನಿ."

ಇಲೈತಿಯಾ ಚೀಲದಿಂದ ಕೈ ತೆಗೆದ.

ಎಲ್ಲರೂ ಸೇರಿ ನಾರು ಬಿಚ್ಚಿದರು. ನೂರ ನಲವತ್ತಕ್ಕೂ ಹೆಚ್ಚು ಏಡಿ. ಹವಳದವರಿಗೆ ಕೆಸರಿನ ಏಡಿಯ ಕೈಗುಣ ಗೊತ್ತಿಲ್ಲ. ಎಂಟು ಜನರಲ್ಲಿ ಆರು ಜನ ಕಚ್ಚಿಸಿಕೊಂಡರು. ಬಿಡಿಸಿಕೊಂಡವು ಅಡ್ಡಡ್ಡ ಓಡಿ ಕೆಸರಿನಲ್ಲಿ ಮುಳುಗುವುದನ್ನು ನೋಡಿ ಅವರಿಗೇ ಖುಷಿಯಾಗಿ, ಯಾರ ಏಡಿ ಮೊದಲು ಬಿಲ ಸೇರುತ್ತದೆಂದು ಪಂದ್ಯ ಕಟ್ಟಿದರು. ನೀರು ಬರುವ ತನಕ ಸೊಳ್ಳೆ ಹೊಡೆಯುತ್ತಾ ಹಾಡಿದರು. ಆ ತಿಂಗಳ ಹಾಳೆಯಲ್ಲಿ ಮುಚ್ಚಿದ ಜಾಗಕ್ಕೆ ಯಾರಾದರೂ ನುಗ್ಗಿದರೇ ಎಂಬ ಪ್ರಶ್ನೆಯ ಎದುರು ಉಲಾಮಿಲಾ ಬರೆದಳು: ಬಂದಿದ್ದರು, ನಗುತ್ತಾ ಹೋದರು.

ನೂರನೇ ದಿನ ಕಂಬ ಕಿತ್ತರು. ಮೊದಲ ತಿರುವಿನ ತನಕ ಮಾತ್ರ ತೆರೆಯಬೇಕು, ಹೆಣ್ಣು ಏಡಿ ಬಿಡಬೇಕು ಎಂದು ಉಲಾಮಿಲಾ ಪಟ್ಟು ಹಿಡಿದಳು. ಗೊಣಗಲು ಬಾಯಿ ತೆರೆದವರು ರಾತು ವಿಲಿಸೋನಿಯವರ ಹೆಂಡತಿ ತಾರೈವಿನಿಯವರ ಮುಖ ನೋಡಿ ಬಾಯಿ ಮುಚ್ಚಿದರು. ಅಷ್ಟಕ್ಕೇ ಇಡೀ ಊರಿಗೆ, ಬಂದ ನೆಂಟರಿಗೆ, ಎಲೆ ತುಂಬ ಬಡಿಸುವಷ್ಟು ಏಡಿ ಸಿಕ್ಕಿತು. ತೆಂಗಿನ ಹಾಲಿನಲ್ಲಿ ಬೇಯಿಸಿದ ಮೊದಲ ಬುಟ್ಟಿಯನ್ನು ಉಲಾಮಿಲಾ ತಾನೇ ಹೊತ್ತು ತಂದು ತಾರೈವಿನಿಯವರ ಬಾಗಿಲಲ್ಲಿ ಇಟ್ಟಳು. ಮೇಲಿದ್ದ ಏಡಿ ಎರಡು ಕೈಯಲ್ಲಿ ಹಿಡಿಯುವಷ್ಟಿತ್ತು. ಇಟ್ಟವಳು ಸೌದೆ ಸರಿಮಾಡುವ ನೆವದಲ್ಲಿ ಒಲೆಯ ಕಡೆ ತಿರುಗಿದಳು.

ಇಲೈತಿಯಾ ಸಾಕಿಯೂಸಾನ ಭಾನುವಾರದ ಅಂಗಿ ತೊಟ್ಟು ಕಾದಿದ್ದ. ಎಲ್ಲರ ಕಣ್ಣೆದುರೇ ಆ ಏಡಿಯನ್ನು ಎತ್ತಿಕೊಂಡು ಓಡಿದ. ಅಂಗಳ ದಾಟಿ, ಬಿಳಿ ಹವಳದ ಚೂರು ಹಾಸಿದ ಗೋರಿಯ ಎದುರು ಕಾಲು ಮಡಿಸಿ ಕೂತು, ಕಲ್ಲಿನಿಂದ ಕೊಂಡಿ ಒಡೆದು, ತುಟಿಯಿಂದ ತೆಂಗಿನ ಹಾಲು ಸುರಿಸುತ್ತಾ ತಿಂದ. ಊರಿಗೆ ಊರೇ ಚಪ್ಪಾಳೆ ತಟ್ಟಿತು. ಬಾಯಿ ಒರೆಸಿಕೊಂಡು ಅವನು ಗೋರಿಗೆ ಕೇಳುವ ಹಾಗೆ ಕೂಗಿದ.

"ವಿಲಿಸೋನಿ, ನಿನ್ನ ಏಡಿ ತಿಂದೆ ಕಣೋ. ಬರೀ ಕೆಸರು ವಾಸನೆ. ನನ್ನ ಹಂದಿ ಮುಂದೆ ಇದು ಏನೇನೂ ಅಲ್ಲ."

ಹೇಳಿ ಸುಮ್ಮನಾದ. ಅಭ್ಯಾಸಬಲದಿಂದ ಉತ್ತರಕ್ಕೆ ಕಿವಿ ಕೊಟ್ಟಿದ್ದ. ಚಪ್ಪಾಳೆ ನಿಂತಿತು. ಉತ್ತರ ಕೊಡದವನು ಸೋತ ಹಾಗೆ. ಲೆಕ್ಕದ ಪ್ರಕಾರ ಮೂವತ್ತಮೂರು ವರ್ಷದ ಜಗಳವನ್ನು ಇಲೈತಿಯಾ ಗೆದ್ದಿದ್ದ. ಗೆದ್ದ ಮನುಷ್ಯನ ಮುಖ ಅಷ್ಟು ಬಾಡಿದ್ದನ್ನು ಯಾರೂ ನೋಡಿರಲಿಲ್ಲ. ಕೈಯಲ್ಲಿದ್ದ ಚಿಪ್ಪನ್ನು ಏನು ಮಾಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಇದ್ದ.

ಒಲೆಯ ಹತ್ತಿರದಿಂದ ಉಲಾಮಿಲಾ ಎದ್ದು ನಿಂತಳು. ಟೋಪಿ ಹಿಂದಕ್ಕೆ ತಳ್ಳಿ, ರಾತು ವಿಲಿಸೋನಿಯವರು ಮಾತಾಡುತ್ತಿದ್ದ ಹಾಗೆಯೇ, ಅವಸರವಿಲ್ಲದೆ ಹೇಳಿದಳು.

"ನಿನ್ನ ಹಂದಿಗೆ ಉಪ್ಪು ಸಾಲದಾಗಿತ್ತು, ತೌ."

ಮೊದಲು ನಕ್ಕವರು ತಾರೈವಿನಿ. ಆಮೇಲೆ ಅಂಗಳವೇ ನಕ್ಕಿತು. ಇಲೈತಿಯಾನ ಕಣ್ಣಿಂದ ನೀರು ಇಳಿದು ಗಡ್ಡ ಸೇರಿತು. ಅದನ್ನು ಸಾಕಿಯೂಸಾನ ಅಂಗಿಯ ತೋಳಿನಿಂದ ಒರೆಸಿಕೊಂಡ.

"ಸತ್ತು ನೂರು ದಿನ ಆಯ್ತು" ಎಂದ ಗೋರಿಯ ಕಡೆ ತಿರುಗಿ, "ಇನ್ನೂ ಅದೇ ಸುಳ್ಳು ಹೇಳ್ತಾನೆ ನೋಡಿ."